ಡ್ರೋನ್‌ಗಳಿಗೆ ಸ್ಟಾರ್ ಸಾಕಾ, ಮೆಶ್ಶೇ ಬೇಕಾ? ರಿಲೇ, 4ಜಿ ಎಲ್ಲಾ ಇಟ್ಕೊಂಡು ಒಂದು ಹೋಲಿಕೆ

ಒಂದೇ ಡ್ರೋನ್ ಇರೋವರ್ಗೂ ನೆಟ್‌ವರ್ಕ್ ಬಗ್ಗೆ ಯಾರೂ ತಲೆ ಕೆಡಿಸ್ಕೊಳಲ್ಲ. ಡ್ರೋನಿನ ಸ್ಥಿತಿ ತಿಳಿಸೋ ಟೆಲಿಮೆಟ್ರಿ ರೇಡಿಯೋ ಒಂದು ಜೋಡಿ ತಗೊಂಡು ಒಂದನ್ನ ಲ್ಯಾಪ್‌ಟಾಪಿಗೆ ಚುಚ್ಚಿ ಇನ್ನೊಂದನ್ನ ಡ್ರೋನಿಗೆ ಕಟ್ಟಿದ್ರೆ ಕೆಲ್ಸ ಮುಗೀತು. ನಾಕೈದು ಡ್ರೋನ್ ಆದ್ಮೇಲೆ, ಇಲ್ಲಾ ಗುಡ್ಡದ ಆಚೆ ಕಡೆ ಹಾರಿಸ್ಬೇಕು ಅನ್ನೋ ಕೆಲ್ಸ ಬಂದ್ಮೇಲೆ ಪ್ರಶ್ನೆ ಶುರುವಾಗತ್ತೆ, ಆಗ ಎಲ್ರ ಬಾಯಲ್ಲೂ ಒಂದೇ ಮಾತು, ಎಲ್ಲಾ ಡ್ರೋನೂ ನೆಲದ ಜೊತೆ ನೇರ ಮಾತಾಡೋ ಸ್ಟಾರ್ ಸಾಲಲ್ಲ, ಒಂದರ ಮೂಲಕ ಇನ್ನೊಂದು ಮಾತಾಡೋ ಮೆಶ್ ಹಾಕ್ಬಿಡಿ, ಒಂದು ಲಿಂಕ್ ಹೋದ್ರೂ ಇನ್ನೊಂದು ದಾರಿ ಇರತ್ತೆ ಅಂತ. ಕೇಳೋಕೇನೋ ಚೆನ್ನಾಗಿದೆ. ಆದ್ರೆ ಮೆಶ್ ಬೇಕು ಅಂತ ಬರೋರಲ್ಲಿ ಬಹಳಷ್ಟು ಜನಕ್ಕೆ ನಿಜವಾಗ್ಲೂ ಬೇಕಾಗಿರೋದು ಒಂದು ಒಳ್ಳೆ ಆಂಟೆನಾ, ಅದನ್ನ ಎತ್ತರಕ್ಕೆ ಇಡೋಕೆ ಒಂದು ಕಂಬ, ಆಮೇಲೆ ಲಿಂಕ್ ಕಟ್ಟಾದ್ರೆ ಡ್ರೋನ್ ಏನ್ ಮಾಡ್ಬೇಕು ಅಂತ ಮೊದ್ಲೇ ಬರೆದಿಟ್ಟ ಸೆಟ್ಟಿಂಗು, ಇಷ್ಟೇ.

ಇನ್ನೊಂದು ಮಾತು, ಇದನ್ನ ಮೊದ್ಲೇ ಹೇಳ್ಬಿಡ್ತೀನಿ. ಇಡೀ ಸಿಸ್ಟಮ್ಮಿಗೆ ಒಂದೇ ಟೊಪಾಲಜಿ, ಅಂದ್ರೆ ಯಾರು ಯಾರ ಜೊತೆ ಮಾತಾಡ್ಬೇಕು ಅನ್ನೋ ಆಕಾರ, ಹುಡುಕೋದನ್ನ ಬಿಡಿ. ಕಮಾಂಡಿಗೆ ಒಂದು ಆಕಾರ, ವಿಡಿಯೋಗೆ ಇನ್ನೊಂದು ಆಕಾರ ಇದ್ರೆ ತಪ್ಪೇನಿಲ್ಲ, ಹಂಗೇ ಇರ್ಬೇಕು ಕೂಡ.

ಮೊದ್ಲು ಏನೇನು ಹರಿಯುತ್ತೆ ನೋಡಿ

ಡ್ರೋನ್ ನೆಟ್‌ವರ್ಕಲ್ಲಿ ಓಡಾಡೋದು ನಾಕು ತರದ ಸರಕು. ಮೊದಲ್ನೇದು ಕಮಾಂಡ್, ಅಂದ್ರೆ ಹೋಗು, ನಿಲ್ಲು, ವಾಪಸ್ ಬಾ. ಇದು ಚಿಕ್ಕದು ಆದ್ರೆ ತಲುಪ್ಲೇಬೇಕು. ಎರಡನೇದು ಟೆಲಿಮೆಟ್ರಿ, ಡ್ರೋನ್ ಎಲ್ಲಿದೆ, ಬ್ಯಾಟರಿ ಎಷ್ಟಿದೆ, ಹೆಂಗೆ ವಾಲಿದೆ ಅನ್ನೋದು, ಇದೂ ಚಿಕ್ಕದೇ, ಸತತವಾಗಿ ಬರ್ತಾ ಇರತ್ತೆ, ನಡುವೆ ಒಂದು ಹೋದ್ರೆ ಮುಂದಿಂದು ಬರತ್ತೆ ಬಿಡಿ. ಮೂರನೇದು ವಿಡಿಯೋ, ಇದಕ್ಕೆ ಮೆಗಾಬಿಟ್‌ಗಟ್ಲೆ ಬೇಕು. ನಾಕನೇದನ್ನ ಎಲ್ರೂ ಮರೀತಾರೆ, ಆರ್‌ಟಿಕೆ ಕರೆಕ್ಷನ್. ನೆಲದ ಮೇಲಿರೋ ಬೇಸ್ ಸ್ಟೇಷನ್ನಿಂದ ಎಲ್ಲಾ ಡ್ರೋನಿಗೂ ಒಂದೇ ಮಾಹಿತಿ ಹೋಗತ್ತೆ, ಅದ್ರಿಂದ್ಲೇ ಜಿಪಿಎಸ್ಸಿನ ಮೀಟರ್‌ಗಟ್ಲೆ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯೋದು.

ಡ್ರೋನ್ ಹಾರಿಸೋ ಸಾಫ್ಟ್‌ವೇರ್‌ಗಳಾದ ಆರ್ಡುಪೈಲಟ್, ಪಿಎಕ್ಸ್4 ಎರಡರಲ್ಲೂ ವಿಡಿಯೋ ಬಿಟ್ಟು ಉಳಿದಿದ್ದೆಲ್ಲ ಹೋಗೋದು ಮ್ಯಾವ್‌ಲಿಂಕ್ ಮೇಲೆ. 2009ರಲ್ಲಿ ಲೊರೆಂಜ್ ಮೈಯರ್ ಶುರು ಮಾಡಿದ್ದು ಈ ಮೆಸೇಜ್ ಭಾಷೇನ, ಕಮ್ಮಿ ಬ್ಯಾಂಡ್‌ವಿಡ್ತ್ ಇರೋ ರೇಡಿಯೋ ಮೇಲೆ ಓಡ್ಲಿ ಅಂತಾನೇ ಕಟ್ಟಿರೋದ್ರಿಂದ ಎರಡನೇ ವರ್ಷನ್ನಲ್ಲಿ ಒಂದು ಮೆಸೇಜಿಗೆ ಮೇಲ್ಖರ್ಚು ಬರೀ 12 ಬೈಟು. ಪ್ರತಿ ಡ್ರೋನಿಗೂ 1ರಿಂದ 255ರ ಒಳಗೆ ಒಂದು ಸಿಸ್ಟಮ್ ಐಡಿ ಇರತ್ತೆ, ನೆಲದಲ್ಲಿರೋ ಕಂಟ್ರೋಲ್ ಕಂಪ್ಯೂಟರ್ರು, ಅಂದ್ರೆ ಗ್ರೌಂಡ್ ಸ್ಟೇಷನ್ನು, ಸಾಮಾನ್ಯವಾಗಿ 255 ಇಟ್ಕೊಂಡಿರತ್ತೆ. ಎಡವಟ್ಟಾಗೋದು ಎಲ್ಲಿ ಅಂದ್ರೆ ಡ್ರೋನ್ ಹಾರಿಸೋ ಬೋರ್ಡು, ಅಂದ್ರೆ ಫ್ಲೈಟ್ ಕಂಟ್ರೋಲರ್, ಹೊಸದು ಯಾವ್ದೇ ತಗೊಂಡ್ರೂ ಐಡಿ 1 ಅಂತ್ಲೇ ಇರತ್ತೆ. ಮೂರು ಡ್ರೋನನ್ನ ಹಂಗೇ ಒಂದು ನೆಟ್‌ವರ್ಕಿಗೆ ಸೇರಿಸಿದ್ರೆ ಮ್ಯಾಪಲ್ಲಿ ಒಂದೇ ಡ್ರೋನು ಅತ್ಲಿಂದ ಇತ್ಲಿಗೆ ಹಾರ್ಕೊಂಡು ಕಾಣತ್ತೆ, ಲ್ಯಾಂಡ್ ಅಂತ ಒತ್ತಿದ್ರೆ ಮೂರೂ ಇಳಿಯೋಕೆ ಶುರು ಮಾಡ್ತವೆ. ಟೊಪಾಲಜಿ ಯಾವ್ದೇ ಆರ್ಸಿ, ಐಡಿ ಬದ್ಲಾಯ್ಸೋದು ಮೊದಲ ಕೆಲ್ಸ.

ಸ್ಟಾರ್: ಎಲ್ಲಾ ನೇರ ನೆಲಕ್ಕೆ

ನಡುವೆ ಗ್ರೌಂಡ್ ಸ್ಟೇಷನ್, ಸುತ್ತ ಡ್ರೋನ್‌ಗಳು, ಎಲ್ರೂ ನೆಲದ ಜೊತೆ ನೇರ ಮಾತಾಡ್ತಾರೆ, ತಮ್ಮತಮ್ಮಲ್ಲಿ ಮಾತಿಲ್ಲ. ತೋಟಕ್ಕೆ ಔಷಧಿ ಹೊಡೆಯೋದು, ಜಮೀನು ಮ್ಯಾಪಿಂಗ್, ಸೋಲಾರ್ ಪ್ಲಾಂಟ್ ನೋಡೋದು, ಎಲ್ಲದಕ್ಕೂ ಇದೇ ನಡೀತಿರೋದು. ಅನುಕೂಲ ಏನಂದ್ರೆ ತೊಂದ್ರೆ ಆದಾಗ ಎಲ್ಲಾಯ್ತು ಅಂತ ತಕ್ಷಣ ಗೊತ್ತಾಗತ್ತೆ, ಒಂದು ಡ್ರೋನ್ ಲಿಂಕ್ ಹೋದ್ರೆ ಆ ಡ್ರೋನಿಂದು, ಎಲ್ಲಾ ಹೋದ್ರೆ ನೆಲದ್ದು. ವಿಳಂಬಾನೂ ಕಮ್ಮಿ, ಯಾಕಂದ್ರೆ ಒಂದೇ ಹಾಪ್, ಅಂದ್ರೆ ನಡುವೆ ಯಾರೂ ಇಲ್ದೆ ಒಂದೇ ಜಿಗಿತ.

ಎಷ್ಟು ಡ್ರೋನ್ ಹಿಡಿಸ್ಬೋದು ಅನ್ನೋದನ್ನ ಅಂದಾಜಲ್ಲಿ ಹೇಳೋ ಬದ್ಲು ಲೆಕ್ಕ ಹಾಕೇ ನೋಡೋಣ. ಸಿಕ್ ಟೆಲಿಮೆಟ್ರಿ ರೇಡಿಯೋ ಅಂತ ಎಲ್ಲಾ ಕಡೆ ಸಿಗೋದಿದ್ಯಲ್ಲ, ಅದರ ಡಿಫಾಲ್ಟ್ ಏರ್ ಸ್ಪೀಡು ಸೆಕೆಂಡಿಗೆ 64 ಕಿಲೋಬಿಟ್, ಹೋಗೋದು ಬರೋದು ಎರಡೂ ಅದರಲ್ಲೇ ಸರದಿ ಮೇಲೆ. ಡ್ರೋನ್ ವಾಲಿಕೆ ತಿಳಿಸೋ ಆ್ಯಟಿಟ್ಯೂಡ್ ಮೆಸೇಜು 28 ಬೈಟು, ಮೇಲಿನ 12 ಸೇರಿ 40. ಅದನ್ನ ಸೆಕೆಂಡಿಗೆ 10 ಸಲ ಕಳಿಸಿದ್ರೆ 400 ಬೈಟು. ಪೊಸಿಷನ್ ಮೆಸೇಜೂ 40 ಬೈಟು, ಸೆಕೆಂಡಿಗೆ 5 ಸಲ ಅಂದ್ರೆ 200. ನಾನಿನ್ನೂ ಇದೀನಿ ಅಂತ ಸೆಕೆಂಡಿಗೊಮ್ಮೆ ಹೇಳೋ ಹಾರ್ಟ್‌ಬೀಟು 21, ಬ್ಯಾಟರಿ ಮತ್ತೆ ಸಿಸ್ಟಮ್ ಸ್ಟೇಟಸ್ಸು 43 ಬೈಟಿಂದು ಎರಡು ಸಲ. ಒಟ್ಟು 700 ಬೈಟ್ ದಾಟತ್ತೆ, ಅಂದ್ರೆ ಒಂದು ಡ್ರೋನಿಗೆ ಸುಮಾರು 5.6 ಕಿಲೋಬಿಟ್, ಹತ್ತು ಡ್ರೋನಿಗೆ 56. ಕಾಗದದ ಮೇಲೆ 64ರ ಒಳಗೇ ಇದೆ ಅನ್ಸತ್ತೆ, ಆದ್ರೆ ಸರದಿ ಬದಲಾಗೋವಾಗ ಹೋಗೋ ಸಮಯ, ರೇಡಿಯೋದ್ದೇ ಹೆಡರ್ರು, ಹಾಳಾದ ಪ್ಯಾಕೆಟ್ಟು, ಕೆಳಗಿಂದ ಮೇಲಕ್ಕೆ ಹೋಗ್ಬೇಕಾದ ಕಮಾಂಡು, ಇವೆಲ್ಲ ಸೇರಿದ್ರೆ ಹಿಡಿಸೋದೇ ಇಲ್ಲ. ಈಗ ಆ್ಯಟಿಟ್ಯೂಡನ್ನ 2 ಸಲಕ್ಕೆ ಇಳಿಸಿ, ಪೊಸಿಷನ್ ಕೂಡ 2, ಸ್ಟೇಟಸ್ 1. ಡ್ರೋನಿಗೆ 224 ಬೈಟು, ಹತ್ತಕ್ಕೆ ಹತ್ತತ್ರ 18 ಕಿಲೋಬಿಟ್. ಹಾರ್ಡ್‌ವೇರ್ ಅದೇ, ಟೊಪಾಲಜಿ ಅದೇ, ಬರೀ ಸ್ಟ್ರೀಮ್ ರೇಟ್ ಬದ್ಲಾಯ್ಸಿದ್ದಕ್ಕೆ ಮೂರು ಪಾಲಲ್ಲಿ ಎರಡು ಪಾಲು ಜಾಗ ಖಾಲಿ ಆಯ್ತು. ಹತ್ತು ಡ್ರೋನನ್ನ ಒಬ್ಬ ನೋಡ್ತಿರೋವಾಗ ಯಾವ ಡ್ರೋನ್ ಎಷ್ಟು ಡಿಗ್ರಿ ವಾಲಿದೆ ಅಂತ ಸೆಕೆಂಡಿಗೆ ಹತ್ತು ಸಲ ಯಾರು ತಾನೇ ನೋಡ್ತಾರೆ. ಮೆಶ್ ರೇಡಿಯೋಗೆ ದುಡ್ಡು ಸುರಿಯೋಕೆ ಮುಂಚೆ ಈ ಲೆಕ್ಕ ನಿಮ್ಮ ಡ್ರೋನಿಗೆ ಹಾಕಿ. ಒಂದು ವಿಷ್ಯ, ಸಿಕ್ ರೇಡಿಯೋ ಹುಟ್ಟಾ ಜೋಡಿಗೆ ಮಾಡಿದ್ದು, ಒಂದಕ್ಕೆ ಹಲವು ಬೇಕಂದ್ರೆ ಮಲ್ಟಿಪಾಯಿಂಟ್ ಫರ್ಮ್‌ವೇರ್ ಹಾಕ್ಬೇಕು, ಇಲ್ಲಾ ಅದನ್ನ ಸಪೋರ್ಟ್ ಮಾಡೋ ರೇಡಿಯೋನೇ ತಗೋಬೇಕು.

ವೈಫೈ ಸ್ಟಾರ್ ಅಂದ್ರೆ ಬ್ಯಾಂಡ್‌ವಿಡ್ತ್ ಧಾರಾಳ, ಆದ್ರೆ ಅದರದ್ದೇ ಎರಡು ತಂಟೆ ಇದೆ. ಮೈದಾನದ ಎರಡು ತುದೀಲಿರೋ ಡ್ರೋನ್‌ಗಳು ಒಂದನ್ನೊಂದು ಕೇಳಿಸ್ಕೊಳಲ್ಲ, ನಡುವಿನ ಆ್ಯಕ್ಸೆಸ್ ಪಾಯಿಂಟಿಗೆ ಮಾತ್ರ ಎರಡೂ ಕೇಳತ್ತೆ, ಹಂಗಾಗಿ ಎರಡೂ ಒಟ್ಟಿಗೆ ಮಾತಾಡಿ ಅಲ್ಲಿ ಡಿಕ್ಕಿ ಆಗತ್ತೆ. ಇನ್ನೊಂದು, ದೂರ ಹೋದ ಡ್ರೋನು ಸ್ಪೀಡ್ ಇಳಿಸ್ಕೊಂಡು ಅದೇ ಪ್ಯಾಕೆಟ್ಟನ್ನ ನಿಧಾನಕ್ಕೆ ಕಳಿಸತ್ತೆ, ಅಷ್ಟೊತ್ತೂ ಚಾನೆಲ್ ಅದರ ಹತ್ರನೇ, ಹತ್ರದಲ್ಲಿರೋ ಡ್ರೋನ್‌ಗಳು ಘಾಟಿ ರಸ್ತೇಲಿ ಲೋಡ್ ಲಾರಿ ಹಿಂದೆ ಸಿಕ್ಕಾಕ್ಕೊಂಡ ಕಾರಿನ ಹಂಗೆ ಕಾಯ್ತಾ ಕೂರ್ತವೆ.

ಫ್ರೀಕ್ವೆನ್ಸಿ ವಿಷ್ಯಕ್ಕೆ ಬಂದ್ರೆ, ಯೂಟ್ಯೂಬ್ ನೋಡಿ 915 ಮೆಗಾಹರ್ಟ್ಸ್ ರೇಡಿಯೋ ತರಿಸ್ಕೊಳೋರು ಇನ್ನೂ ಇದಾರೆ. 902ರಿಂದ 928 ಅಮೆರಿಕದಲ್ಲಿ ಲೈಸೆನ್ಸ್ ಇಲ್ದೆ ಬಳಸ್ಬೋದಾದ ಬ್ಯಾಂಡು, ನಮ್ಮಲ್ಲಲ್ಲ, ಅದರ ಕೆಳಗಿನ ಅರ್ಧ ಇಲ್ಲಿ ಮೊಬೈಲ್ ಫೋನ್‌ಗಳ 900 ಬ್ಯಾಂಡಿನ ಮೇಲೇ ಬಂದು ಕೂರತ್ತೆ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್, 2.4 ಗಿಗಾಹರ್ಟ್ಸ್, 2018ರಿಂದೀಚೆಗೆ 5 ಗಿಗಾಹರ್ಟ್ಸಿನ ದೊಡ್ಡ ಭಾಗ, ಇವಕ್ಕೆ ಲೈಸೆನ್ಸ್ ಬೇಡ, ಆದ್ರೆ ಪವರ್ ಮಿತಿ ಇದೆ, ರೇಡಿಯೋಗೆ ಟೈಪ್ ಅಪ್ರೂವಲ್ಲೂ, ಅಂದ್ರೆ ಆ ಮಾಡೆಲ್ಲಿಗೆ ಸರ್ಕಾರದ ಒಪ್ಪಿಗೇನೂ, ಇರ್ಬೇಕು. ಒಂದು ಕಿಲೋಮೀಟರಿಗೆ ತೆರೆದ ಗಾಳೀಲಿ 865ರಲ್ಲಿ ಸಿಗ್ನಲ್ ಕಳ್ಕೊಳೋದು ಸುಮಾರು 91 ಡೆಸಿಬೆಲ್, 2.4ರಲ್ಲಿ 100, 5.8ರಲ್ಲಿ 108 ಹತ್ರ. ದೂರ ಎರಡು ಪಟ್ಟಾದ್ರೆ ಇನ್ನೊಂದು 6 ಡೆಸಿಬೆಲ್ ಹೋಗತ್ತೆ. ಅಂದ್ರೆ ಬ್ಯಾಂಡ್ ಬದ್ಲಾಯ್ಸೋದ್ರಿಂದ ಸಿಗೋ 9 ಡೆಸಿಬೆಲ್ ದೂರದ ಲೆಕ್ಕದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ. ಕಮಾಂಡನ್ನ 865ಕ್ಕೆ, ವಿಡಿಯೋನ 5.8ಕ್ಕೆ ಹಾಕಿ ಅನ್ನೋದು ಇದಕ್ಕೇ.

ಆಂಟೆನಾ ಬಗ್ಗೆ ಒಂದೇ ಮಾತು. ನೆಟ್ಟಗೆ ನಿಂತ ಕಡ್ಡಿ ಆಂಟೆನಾ ಸುತ್ತಲೂ ಚೆನ್ನಾಗಿ ಸೂಸತ್ತೆ, ತುದಿಯ ದಿಕ್ಕಲ್ಲಿ ಏನೂ ಇರಲ್ಲ. ಡ್ರೋನ್ ಸರಿಯಾಗಿ ನಿಮ್ಮ ತಲೆ ಮೇಲೆ ಬಂದಾಗ ಸಿಗ್ನಲ್ ಬಿದ್ದು, ಮುನ್ನೂರು ಮೀಟರ್ ಆಚೆ ಹೋದ್ರೆ ಚೆನ್ನಾಗಾಗೋದು ಇದಕ್ಕೇನೇ, ರೇಡಿಯೋ ಹಾಳಾಗಿರಲ್ಲ. ಡ್ರೋನ್ ಗಾಳಿಗೆ ಎದುರಾಗಿ ವಾಲಿದಾಗ್ಲೂ ಇದೇ ಕತೆ.

ರಿಲೇ: ಗುಡ್ಡ ಅಡ್ಡ ಬಂದಾಗ

ಮಲೆನಾಡಲ್ಲಿ, ಘಟ್ಟದ ಕೆಳಗೆ ಕೆಲ್ಸ ಮಾಡೋರಿಗೆ ಸ್ಟಾರ್ ಕೈ ಕೊಡೋದು ದೂರಕ್ಕಲ್ಲ, ಅಡ್ಡಕ್ಕೆ. ಗುಡ್ಡದ ಹಿಂದೆ ಇಳಿದ ಡ್ರೋನಿಗೆ ಎಷ್ಟೇ ಪವರ್ ಹಾಕಿದ್ರೂ ಅಷ್ಟೇ. ಆಗ ನಡುವೆ ಎತ್ತರದಲ್ಲಿ ಒಂದು ರಿಲೇ ನಿಲ್ಲಿಸ್ತೀವಿ, ನೆಲದಿಂದ ರಿಲೇಗೆ, ರಿಲೇಯಿಂದ ಕೆಲ್ಸದ ಡ್ರೋನಿಗೆ.

ಕಣ್ಣಿಗೆ ಕಂಡ್ರೆ ಸಾಕು ಅಂತ ಅಂದ್ಕೋಬೇಡಿ. ರೇಡಿಯೋ ಅಲೆಗೆ ದಾರಿ ಸುತ್ತ ಒಂದಷ್ಟು ಖಾಲಿ ಜಾಗ ಬೇಕು, ಫ್ರೆನೆಲ್ ಝೋನ್ ಅಂತಾರಲ್ಲ ಅದು. 2.4 ಗಿಗಾಹರ್ಟ್ಸಲ್ಲಿ 2 ಕಿಲೋಮೀಟರ್ ಲಿಂಕಿಗೆ ನಟ್ಟನಡುವೆ ಅದರ ತ್ರಿಜ್ಯ ಸುಮಾರು 8 ಮೀಟರ್. ಅಡಿಕೆ ತೋಟದ ತಲೆ ಸವರ್ಕೊಂಡು ಹೋಗೋ ಲಿಂಕು, ಅದೂ ಮಳೆ ಬಂದು ಸೋಗೆ ಒದ್ದೆ ಆಗಿದ್ದಾಗ, ಯಾಕೆ ಹೋಗಿ ಬಂದು ಮಾಡತ್ತೆ ಅನ್ನೋಕೆ ಉತ್ತರ ಇಲ್ಲಿದೆ. ಮರದ ತುದೀಗಿಂತ ಹತ್ತು ಮೀಟರ್ ಮೇಲೆ ದಾರಿ ಇಟ್ಕೊಳಿ.

ರಿಲೇಗೆ ಕೊಡೋ ಬೆಲೆ ಎರಡು. ಒಂದೇ ಚಾನೆಲ್ಲಲ್ಲಿ ಕೇಳಿ ಅದೇ ಚಾನೆಲ್ಲಲ್ಲಿ ಮುಂದಕ್ಕೆ ಹೇಳೋದಾದ್ರೆ ವೇಗ ಅರ್ಧಕ್ಕೆ ಬರತ್ತೆ, ಮೂರು ಹಾಪ್ ಆದ್ರೆ ಮೂರನೇ ಒಂದು. ಟೆಲಿಮೆಟ್ರಿಗೆ ಪರವಾಗಿಲ್ಲ, ವಿಡಿಯೋಗೆ ಕಷ್ಟ. ಪರಿಹಾರ ಅಂದ್ರೆ ರಿಲೇಲಿ ಎರಡು ರೇಡಿಯೋ, ಎರಡು ಬೇರೆ ಬ್ಯಾಂಡು. ಎರಡನೇ ಬೆಲೆ ಬ್ಯಾಟರಿ. ರಿಲೇ ಕೂಡ ಒಂದು ಮಲ್ಟಿರೋಟರ್ ಆದ್ರೆ ಅದು ಸಾಮಾನ್ಯವಾಗಿ ಅರ್ಧ, ಮುಕ್ಕಾಲು ಗಂಟೆ ಒಳಗೆ ಇಳೀಲೇಬೇಕು, ಅದು ಇಳಿದ್ರೆ ಗುಡ್ಡದ ಆಚೆ ಇರೋದು ಅನಾಥ. ಹಂಗಾಗಿ ರಿಲೇ ಡ್ರೋನಿನ ಬ್ಯಾಟರಿ ಮಿತಿಯನ್ನ ಕೆಲ್ಸದ ಡ್ರೋನಿಗಿಂತ ಮೇಲೆ ಇಡ್ಬೇಕು ಅಂತಲ್ಲ, ರಿಲೇ ಇಳಿಯೋಕೆ ಹೊರಡೋ ಮುಂಚೆ ಕೆಲ್ಸದ ಡ್ರೋನ್ ಗುಡ್ಡ ದಾಟಿ ಈ ಕಡೆ ಬಂದಿರ್ಬೇಕು, ಪ್ಲಾನ್ ಹಂಗೆ ಬರೀಬೇಕು. ಸಾಧ್ಯ ಆದ್ರೆ ರಿಲೇನ ಹಾರಿಸ್ಲೇಬೇಡಿ. ಗುಡ್ಡದ ನೆತ್ತೀಲಿ ಒಂದು ಕಂಬ, ಒಂದು ರೇಡಿಯೋ, ಒಂದು ಬ್ಯಾಟರಿ ಇಟ್ಟು ಬಂದ್ರೆ ದಿನವಿಡೀ ಇರತ್ತೆ. ಕೆಳಗಿಂದ ವೈರಲ್ಲಿ ಕರೆಂಟ್ ಕೊಡೋ ಟೆದರ್ ಡ್ರೋನೂ ಬರತ್ತೆ, ಜಾತ್ರೆ, ಬಂದೋಬಸ್ತು ಅಂತ ಒಂದೇ ಜಾಗದಲ್ಲಿ ನಿಲ್ಲೋ ಕೆಲ್ಸಕ್ಕೆ ಒಳ್ಳೇದು.

ವೈರು ಅಂದಾಗ ನೆನಪಾಯ್ತು, ಉಕ್ರೇನ್ ಯುದ್ಧದಲ್ಲಿ ಈಗ ಡ್ರೋನ್ ಹಿಂದೆ ಕೂದಲಿನಷ್ಟು ತೆಳು ಫೈಬರ್ ಬಿಚ್ಕೊಂಡು ಹೋಗತ್ತೆ, ಹತ್ತಾರು ಕಿಲೋಮೀಟರ್ ಉದ್ದದ್ದು, ಎರಡೂ ಕಡೆಯೋರು ಬಳಸ್ತಿದಾರೆ. ರೇಡಿಯೋನೇ ಇಲ್ಲ ಅಂದ್ಮೇಲೆ ಜ್ಯಾಮ್ ಮಾಡೋದೇನನ್ನ. ನಮ್ಮ ನಿಮ್ಮ ಕೆಲ್ಸಕ್ಕೆ ಬರಲ್ಲ, ಆದ್ರೆ ಅಷ್ಟೆಲ್ಲ ಮೆಶ್, ಜ್ಯಾಮಿಂಗ್ ತಪ್ಪಿಸ್ಕೊಳೋಕೆ ಫ್ರೀಕ್ವೆನ್ಸಿ ಬದ್ಲಾಯ್ಸೋ ಹಾಪಿಂಗ್ ಆದ್ಮೇಲೂ ಕೊನೇಗೆ ಎರಡು ತುದಿ ಒಂದು ದಾರಕ್ಕೆ ಬಂದು ನಿಂತ್ರಲ್ಲ ಅನ್ನೋದು ಮಜಾ ಇದೆ.

ಮೆಶ್: ಯಾವಾಗ ನಿಜವಾಗ್ಲೂ ಬೇಕು

ಮೆಶ್ಶಲ್ಲಿ ಎಲ್ಲಾ ಡ್ರೋನೂ ರೂಟರೇ. ಯಾರ ಪ್ಯಾಕೆಟ್ಟು ಯಾರ ಮೂಲಕನಾದ್ರೂ ಹೋಗ್ಬೋದು. ಡ್ರೋನ್‌ಗಳು ತಮ್ಮತಮ್ಮಲ್ಲೇ ಮಾತಾಡಿ ನಿರ್ಧಾರ ತಗೋಬೇಕು, ನೆಲದ ಸ್ಟೇಷನ್ ಇರಲಿ ಬಿಡಲಿ ಕೆಲ್ಸ ನಿಲ್ಬಾರ್ದು, ಅಂತ ಇದ್ರೆ ಇದೇ ಬೇಕು. 2016ರಲ್ಲಿ ಅಮೆರಿಕದಲ್ಲಿ ಚೈನಾ ಲೇಕ್ ಅನ್ನೋ ಕಡೆ ಮೂರು ಯುದ್ಧವಿಮಾನದಿಂದ 103 ಪರ್ಡಿಕ್ಸ್ ಡ್ರೋನ್ ಉದುರಿಸಿ ತೋರಿಸಿದ್ರು, ಅವು ತಾವೇ ಗುಂಪು ಕಟ್ಕೊಂಡು ಹಾರಿದ್ವು. ನಮ್ಮಲ್ಲಿ 2021ರ ಸೇನಾ ದಿನದಂದು ದೆಹಲೀಲಿ 75 ಡ್ರೋನಿನ ಸ್ವಾರ್ಮ್, ಅಂದ್ರೆ ಒಟ್ಟಾಗಿ ಕೆಲ್ಸ ಮಾಡೋ ಹಿಂಡು, ಹಾರಿಸಿದ್ರು, ಅದರ ಹಿಂದಿದ್ದ ನ್ಯೂಸ್ಪೇಸ್ ರಿಸರ್ಚ್ ಬೆಂಗಳೂರಿನ ಕಂಪನಿ. ಇಂಥ ಕೆಲ್ಸಕ್ಕೆ ನೆಲದಲ್ಲಿ ಒಂದೇ ಕೇಂದ್ರ ಇಟ್ಕೊಂಡ್ರೆ ಶತ್ರು ಅದೊಂದನ್ನ ಹೊಡೆದ್ರೆ ಆಯ್ತು.

ಕಷ್ಟ ಎಲ್ಲಿದೆ ಅಂದ್ರೆ, ಪ್ಯಾಕೆಟ್ಟಿಗೆ ದಾರಿ ಹುಡುಕೋ ಈ ಮೆಶ್ ರೂಟಿಂಗ್ ಪ್ರೋಟೋಕಾಲ್‌ಗಳು ಹುಟ್ಟಿದ್ದು ಡ್ರೋನಿಗಲ್ಲ. ಓಎಲ್‌ಎಸ್‌ಆರ್ 2003ರದ್ದು, ನಡ್ಕೊಂಡು ಓಡಾಡೋ ಜನ, ವಾಹನ, ಊರಿನ ಮನೆ ಮೇಲಿನ ವೈಫೈ ಇಂಥದ್ದನ್ನ ಮನಸಲ್ಲಿಟ್ಟು ಮಾಡಿದ್ದು. ಅದರ ಡಿಫಾಲ್ಟಲ್ಲಿ ಪಕ್ಕದವ್ನಿಗೆ ಹಲೋ ಹೇಳೋದು 2 ಸೆಕೆಂಡಿಗೊಮ್ಮೆ, ಮೂರು ಹಲೋ ತಪ್ಪಿದ್ರೆ ಅಂದ್ರೆ 6 ಸೆಕೆಂಡ್ ಆದ್ಮೇಲೆ ಪಕ್ಕದವ್ನು ಹೋದ ಅಂತ ತೀರ್ಮಾನ. ಎರಡು ಡ್ರೋನು ಸೆಕೆಂಡಿಗೆ 15 ಮೀಟರಲ್ಲಿ ವಿರುದ್ಧ ದಿಕ್ಕಿಗೆ ಹೋಗ್ತಿದ್ರೆ ಆ 6 ಸೆಕೆಂಡಲ್ಲಿ ನಡುವೆ 180 ಮೀಟರ್ ಅಂತರ ಬೆಳೆದಿರತ್ತೆ, ಅಷ್ಟೊತ್ತೂ ಪ್ಯಾಕೆಟ್ಟು ಇಲ್ಲದ ದಾರೀಗೆ ಹೋಗಿ ಬೀಳ್ತಾ ಇರತ್ತೆ. ಹಲೋನ ಜಾಸ್ತಿ ಮಾಡಿ ಅಂತೀರ, ಮಾಡ್ಬೋದು, ಆದ್ರೆ ಇಪ್ಪತ್ತು ಡ್ರೋನ್ ಎಲ್ರೂ ಸೆಕೆಂಡಿಗೆ ನಾಕು ಸಲ ಹಲೋ ಅಂತಿದ್ರೆ ಕೆಲ್ಸದ ಮಾತಿಗೆ ಚಾನೆಲ್ ಎಲ್ಲಿ ಉಳೀತು. ಬೇಕಾದಾಗ ಮಾತ್ರ ದಾರಿ ಹುಡುಕೋ ಎಒಡಿವಿ ತರದ್ದು ತಗೊಂಡ್ರೆ ಈ ಗಲಾಟೆ ಕಮ್ಮಿ, ಆದ್ರೆ ದಾರಿ ಮುರಿದಾಗ ಹೊಸ ದಾರಿ ಸಿಗೋವರ್ಗೂ ಕಮಾಂಡು ಕ್ಯೂನಲ್ಲಿ ನಿಂತಿರತ್ತೆ.

ಕೈಗೆ ಸಿಗೋ ಮೆಶ್ ಸಾಫ್ಟ್‌ವೇರಲ್ಲಿ ಬ್ಯಾಟ್‌ಮ್ಯಾನ್ ಅಡ್ವಾನ್ಸ್‌ಡ್ ಪರವಾಗಿಲ್ಲ. ಜನರೇ ಸೇರಿ ವೈಫೈ ನೆಟ್‌ವರ್ಕ್ ಕಟ್ಟೋ ಜರ್ಮನಿಯ ಫ್ರೈಫಂಕ್ ಬಳಗದಿಂದ ಬಂದಿದ್ದು, 2011ರಿಂದ ಲಿನಕ್ಸ್ ಕರ್ನಲ್ ಒಳಗೇ ಇದೆ, ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇಟ್ಕೊಂಡಿರೋ ಯಾರು ಬೇಕಾದ್ರೂ ಒಂದು ಸಂಜೇಲಿ ಎಬ್ಬಿಸಿ ನೋಡ್ಬೋದು. ಇಡೀ ದಾರಿ ಲೆಕ್ಕ ಹಾಕೋಕೆ ಹೋಗಲ್ಲ, ಆ ಕಡೆಗೆ ಹೋಗೋಕೆ ಪಕ್ಕದವ್ರಲ್ಲಿ ಯಾರು ವಾಸಿ ಅನ್ನೋದಷ್ಟೇ ನೆನಪಿಟ್ಕೊಳತ್ತೆ. ದುಡ್ಡಿದ್ರೆ ಸಿಲ್ವಸ್, ರಾಜಂಟ್, ಡೂಡಲ್ ಲ್ಯಾಬ್ಸ್ ಅಂತ ಮೆಶ್ ರೇಡಿಯೋಗಳಿವೆ, ಚೆನ್ನಾಗೇ ಇರ್ತವೆ, ಬೆಲೆ ಕೇಳಿದ್ರೆ ಡ್ರೋನಿಗಿಂತ ರೇಡಿಯೋನೇ ಜಾಸ್ತಿ ಆಗೋ ಸಾಧ್ಯತೆ ಇದೆ. ಲೋರಾ ಅನ್ನೋ ದೂರ ಹೋಗೋ ಆದ್ರೆ ನಿಧಾನದ ರೇಡಿಯೋ ಮೇಲೆ ಮೆಸೇಜ್ ಕಳಿಸೋ ಮೆಶ್‌ಟ್ಯಾಸ್ಟಿಕ್ ಹಾಕ್ಬೋದಾ ಅಂತ ಕೇಳೋರು ಸುಮಾರು ಜನ. ಬೇಡ. ಲೋರಾ ಮೇಲೆ ಅದರ ಮಾಮೂಲಿ ಸೆಟ್ಟಿಂಗಲ್ಲಿ ಸೆಕೆಂಡಿಗೆ ಒಂದು ಕಿಲೋಬಿಟ್ ಸುಮಾರಿಗೆ ಹೋಗತ್ತೆ, ಮೇಲಿನ ಲೆಕ್ಕದಲ್ಲಿ ಇಳಿಸಿದ ಟೆಲಿಮೆಟ್ರಿಗೂ ಸಾಲಲ್ಲ. ಕಳೆದುಹೋದ ಡ್ರೋನ್ ಎಲ್ಲಿ ಬಿತ್ತು ಅಂತ ಹುಡುಕೋ ಬೀಕನ್ ಆಗಿ ಇಟ್ರೆ ಮಾತ್ರ ಚಿನ್ನ.

ಮೆಶ್ ಮಾಡ್ಲೇಬೇಕು ಅಂತ ತೀರ್ಮಾನ ಆದ್ರೆ, ಫೋನಿಗೋ ರೂಟರಿಗೋ ಇಲ್ದಿರೋ ಒಂದು ಅನುಕೂಲ ಡ್ರೋನಿಗಿದೆ ನೋಡಿ, ಅದನ್ನ ಬಳಸ್ಕೊಳಿ. ಡ್ರೋನಿಗೆ ತಾನೆಲ್ಲಿದೀನಿ ಅಂತ ಗೊತ್ತು, ಮಿಷನ್ ಮೊದ್ಲೇ ಬರೆದಿರೋದ್ರಿಂದ ಇನ್ನು ಹತ್ತು ಸೆಕೆಂಡಿಗೆ ಎಲ್ಲಿರ್ತೀನಿ ಅಂತಾನೂ ಗೊತ್ತು. ಹಲೋ ಜೊತೆ ಪೊಸಿಷನ್ನು, ವೇಗ ಕಳಿಸಿದ್ರೆ ಲಿಂಕ್ ಮುರಿಯೋಕೆ ಮುಂಚೇನೇ ಬೇರೆ ದಾರಿ ಹಿಡೀಬೋದು. ಅದಕ್ಕಿಂತ ಸುಲಭ, ದಾರಿ ಬದ್ಲಾಯ್ಸೋ ಬದ್ಲು ಡ್ರೋನನ್ನೇ ಐವತ್ತು ಮೀಟರ್ ಸರಿಸೋದು. ಟೊಪಾಲಜಿ ಮ್ಯಾನೇಜ್‌ಮೆಂಟ್ ಅಂದ್ರೆ ರೂಟಿಂಗ್ ಟೇಬಲ್ ಅಂತಷ್ಟೇ ತಿಳ್ಕೊಂಡಿರ್ತಾರೆ, ಹಾರೋ ನೆಟ್‌ವರ್ಕಲ್ಲಿ ಯಾರನ್ನ ಎಲ್ಲಿ ನಿಲ್ಲಿಸೋದು ಅನ್ನೋದೇ ದೊಡ್ಡ ಅಸ್ತ್ರ. ಕಾಗದದ ಮೇಲೆ ಚುಕ್ಕೆ ಹಾಕಿ ಗೆರೆ ಎಳೆದು ನೋಡಿ, ಯಾವ ಒಂದು ಚುಕ್ಕೆ ಅಳಿಸಿದ್ರೆ ಗುಂಪು ಎರಡು ತುಂಡಾಗತ್ತೆ ಅಂತ. ಅಂಥ ಚುಕ್ಕೆ ಇದ್ರೆ ನಿಮ್ದು ಹೆಸರಿಗೆ ಮೆಶ್ಶು, ನಿಜದಲ್ಲಿ ರಿಲೇ. ಅದರ ಪಕ್ಕ ಇನ್ನೊಂದನ್ನ ತಂದು ನಿಲ್ಲಿಸಿ.

ಗುಂಪು ಇಪ್ಪತ್ತು ಮೂವತ್ತು ದಾಟಿದ್ರೆ ಸಪಾಟಾದ ಮೆಶ್ ಬದ್ಲು ಐದಾರಕ್ಕೆ ಒಬ್ಬ ಲೀಡರ್ ಮಾಡಿ, ಲೀಡರ್‌ಗಳ ನಡುವೆ ಮಾತ್ರ ದೂರದ ಲಿಂಕ್ ಇಡೋ ಪದ್ಧತಿನೂ ಇದೆ. ಲೀಡರ್ ಬಿದ್ರೆ ಮುಂದಿನವ್ನು ಯಾರು ಅಂತ ಮೊದ್ಲೇ ನಿಗದಿ ಆಗಿರ್ಬೇಕು, ಇಷ್ಟೇ ಅದರಲ್ಲಿ ಮುಖ್ಯ.

ಡ್ರೋನ್ ಶೋ: ಎಲ್ರೂ ತಪ್ಪು ತಿಳ್ಕೊಳೋ ಉದಾಹರಣೆ

2022ರಲ್ಲಿ ದೆಹಲಿಯ ಬೀಟಿಂಗ್ ರಿಟ್ರೀಟಲ್ಲಿ ಬಾಟ್‌ಲ್ಯಾಬ್ ಕಂಪನಿಯವ್ರು 1000 ಡ್ರೋನ್ ಹಾರಿಸಿದ್ರು, ಮೈಸೂರು ದಸರಾದಲ್ಲೂ ಬನ್ನಿಮಂಟಪದ ಮೈದಾನದಲ್ಲಿ ಡ್ರೋನ್ ಶೋ ನೋಡಿರ್ತೀರ. ಅಷ್ಟೊಂದು ಡ್ರೋನ್ ಒಟ್ಟಿಗೆ ಹುಲಿ, ನವಿಲು ಅಂತ ಆಕಾರ ತಗೊಳತ್ತೆ ಅಂದ್ರೆ ಒಳಗೊಳಗೇ ಮಾತಾಡ್ಕೊಳ್ತಿರ್ಬೇಕು ಅಂತ ಅನ್ಸೋದು ಸಹಜ. ಸಾಮಾನ್ಯವಾಗಿ ಹಂಗಿರಲ್ಲ. ಪ್ರತಿ ಡ್ರೋನಿನ ದಾರಿ ನೆಲದಲ್ಲಿರೋವಾಗ್ಲೇ ಅದರೊಳಗೆ ತುಂಬಿರ್ತಾರೆ, ಶುರು ಮಾಡೋ ಹೊತ್ತು ಜಿಪಿಎಸ್ ಗಡಿಯಾರದ ಮೇಲೆ ನಿಗದಿ, ಹಾರೋವಾಗ ನೆಲದಿಂದ ಹೋಗೋದು ಆರ್‌ಟಿಕೆ ಕರೆಕ್ಷನ್ನು, ಎಲ್ಲಾ ನಿಲ್ಲಿಸಿ ಅನ್ನೋ ಎಮರ್ಜೆನ್ಸಿ ಕಮಾಂಡು, ಬರೋದು ಒಂದಿಷ್ಟು ಸ್ಟೇಟಸ್ಸು. ಅಂದ್ರೆ ಸಾವಿರ ಡ್ರೋನಿಗೂ ಬರೀ ಸ್ಟಾರೇ, ಅದೂ ಹೆಚ್ಚಾಗಿ ಒಬ್ರು ಹೇಳಿ ಎಲ್ರೂ ಕೇಳೋ ಬ್ರಾಡ್‌ಕಾಸ್ಟು. ನಡುವೆ ಸ್ವಲ್ಪ ಹೊತ್ತು ಲಿಂಕ್ ಹೋದ್ರೂ ಚಿತ್ರ ಕೆಡಲ್ಲ, ಯಾಕಂದ್ರೆ ಲಿಂಕ್ ಮೇಲೆ ಚಿತ್ರ ನಿಂತೇ ಇಲ್ಲ.

ಇಲ್ಲಿ ವೈಫೈ ಬಳಸೋರಿಗೆ ಒಂದು ಸೂಕ್ಷ್ಮ. ವೈಫೈಲಿ ಬ್ರಾಡ್‌ಕಾಸ್ಟ್ ಪ್ಯಾಕೆಟ್ಟು ಮಾಮೂಲಾಗಿ ತೀರಾ ಕಮ್ಮಿ ಸ್ಪೀಡಲ್ಲಿ ಹೋಗತ್ತೆ, ತಲುಪ್ತಾ ಅಂತ ಉತ್ತರಾನೂ ಬರಲ್ಲ. ಕರೆಕ್ಷನ್ನನ್ನ ಪ್ರತಿ ಡ್ರೋನಿಗೂ ಬಿಡಿ ಬಿಡಿಯಾಗಿ ಕಳಿಸಿದ್ರೆ ನೂರು ಡ್ರೋನಿಗೆ ನೂರು ಸಲ, ಬ್ರಾಡ್‌ಕಾಸ್ಟ್ ಮಾಡಿದ್ರೆ ಒಂದೇ ಸಲ ಆದ್ರೆ ಗ್ಯಾರಂಟಿ ಇಲ್ಲ. ಕರೆಕ್ಷನ್ ಒಂದು ತಪ್ಪಿದ್ರೆ ಮುಂದಿನ ಸೆಕೆಂಡಿಗೆ ಇನ್ನೊಂದು ಬರತ್ತೆ, ಆದ್ರಿಂದ ಬ್ರಾಡ್‌ಕಾಸ್ಟೇ ಸರಿ. ಎಮರ್ಜೆನ್ಸಿ ಸ್ಟಾಪಿಗೆ ಬೇರೆ ಬ್ಯಾಂಡಲ್ಲಿ ಇನ್ನೊಂದು ರೇಡಿಯೋ ಇರ್ಲಿ.

4ಜಿ: ಟವರ್ ಇದ್ಯಲ್ಲ, ಅದನ್ನೇ ಬಳಸಿದ್ರೆ?

ದೂರದ ಸಮಸ್ಯೆ ಒಂದೇ ಏಟಿಗೆ ಮುಗಿಯೋದು ಇಲ್ಲಿ. ಡ್ರೋನಿಗೆ ಒಂದು ಮೋಡೆಮ್ ಮತ್ತೆ ಸಿಮ್, ಗ್ರೌಂಡ್ ಸ್ಟೇಷನ್ ಎಲ್ಲಿದ್ರೂ ನಡೆಯತ್ತೆ. ಆಕಾರ ನೋಡಿದ್ರೆ ಇದೂ ಸ್ಟಾರೇ, ನಡುವಿರೋದು ನಿಮ್ಮ ಲ್ಯಾಪ್‌ಟಾಪಲ್ಲ ಒಂದು ಸರ್ವರ್ರು.

ಮೊದಲ್ನೇ ಅಡ್ಡಿ ನೆಲದಲ್ಲೇ ಸಿಗತ್ತೆ, ಮಾಮೂಲಿ ಸಿಮ್ಮಿಗೆ ಹೊರಗಿಂದ ತಲುಪೋ ಐಪಿ ಇರಲ್ಲ, ಕಂಪನಿಯವ್ರು ಸಾವಿರಾರು ಜನರನ್ನ ಒಂದು ಐಪಿ ಹಿಂದೆ ಕೂರ್ಸಿರ್ತಾರೆ. ಅದಕ್ಕೇ ಡ್ರೋನು, ಲ್ಯಾಪ್‌ಟಾಪು ಎರಡೂ ಇಂಟರ್ನೆಟ್ ಮೇಲೇ ಕಟ್ಟೋ ಒಂದು ಖಾಸಗಿ ನೆಟ್‌ವರ್ಕಿಗೆ, ಅಂದ್ರೆ ವಿಪಿಎನ್‌ಗೆ ಬಂದು ಸೇರ್ಬೇಕು, ವೈರ್‌ಗಾರ್ಡ್, ಝೀರೋಟಿಯರ್ ಯಾವ್ದಾದ್ರೂ ಸರಿ. ವೈರ್‌ಗಾರ್ಡಲ್ಲಿ ಕೀಪ್‌ಅಲೈವ್ 25 ಸೆಕೆಂಡ್ ಹಾಕೋದು ಮರೀಬೇಡಿ, ಇಲ್ದಿದ್ರೆ ಸುಮ್ನಿದ್ದಾಗ ದಾರಿ ಮುಚ್ಚಿ ಹೋಗತ್ತೆ. ಮ್ಯಾವ್‌ಲಿಂಕನ್ನ ಕಳೆದ ಪ್ಯಾಕೆಟ್ಟಿಗೆ ಕಾಯದ ಯುಡಿಪಿ ಮೇಲೇ ಓಡಿಸಿ. ಟಿಸಿಪಿಲಿ ಒಂದು ಪ್ಯಾಕೆಟ್ ಕಳೆದ್ರೆ ಅದು ಮತ್ತೆ ಬರೋವರ್ಗೂ ಅದರ ಹಿಂದೆ ಬರೋವೆಲ್ಲ ಕಾಯ್ತವೆ, ಕೊನೇಗೆ ಸ್ಕ್ರೀನಲ್ಲಿ ನಿಮಗೆ ಕಾಣೋದು ಕೆಲವು ಸೆಕೆಂಡ್ ಹಳೇ ಡ್ರೋನು.

ಎರಡನೇ ಅಡ್ಡಿ ಮೇಲೆ. ಟವರಿನ ಆಂಟೆನಾ ನೆಲದ ಕಡೆ ಬಾಗಿರತ್ತೆ, ಫೋನಿರೋ ಜನ ಇರೋದು ಕೆಳಗೇ ತಾನೆ. ನೂರು ಮೀಟರ್ ಮೇಲೆ ಹೋದ ಡ್ರೋನಿಗೆ ಸಿಗೋದು ಆ ಆಂಟೆನಾದ ಪಕ್ಕದಿಂದ ಸೋರೋ ಸಿಗ್ನಲ್ಲು, ಅದೂ ಯಾವ ಅಡ್ಡಿನೂ ಇಲ್ದೆ ಸುತ್ತ ಇರೋ ಎಲ್ಲಾ ಟವರಿಂದು ಒಟ್ಟಿಗೆ. ಫೋನಲ್ಲಿ ಐದು ಕಡ್ಡಿ ತೋರ್ಸತ್ತೆ, ಡೇಟಾ ಓಡಲ್ಲ, ಒಂದು ಟವರಿಂದ ಇನ್ನೊಂದಕ್ಕೆ ಹ್ಯಾಂಡೋವರ್ ಮೇಲೆ ಹ್ಯಾಂಡೋವರ್. ಮೊಬೈಲ್ ನೆಟ್‌ವರ್ಕಿನ ಮಾನದಂಡ ಬರೆಯೋ 3ಜಿಪಿಪಿಯವ್ರು ರಿಲೀಸ್ 15ರಲ್ಲಿ ಹಾರೋ ಸಾಧನಕ್ಕೆ ಅಂತಾನೇ ಅಧ್ಯಯನ ಮಾಡಿ ಒಂದಷ್ಟು ತಿದ್ದುಪಡಿ ಸೇರಿಸಿದ್ದು ಇದೇ ಕಾರಣಕ್ಕೆ. ಬೆಂಗಳೂರು ನಡುವೆ ಈ ಕಾಟ ಜಾಸ್ತಿ, ಹಳ್ಳಿ ಕಡೆ ಉಲ್ಟಾ, ನೆಲದಲ್ಲಿ ನೆಟ್‌ವರ್ಕೇ ಇಲ್ದಿರೋ ಕಣಿವೇಲಿ ಅರವತ್ತು ಮೀಟರ್ ಮೇಲೇರಿದ್ರೆ ಸಿಕ್ಬಿಡತ್ತೆ. ಎರಡು ಕಂಪನಿಯ ಎರಡು ಸಿಮ್ ಹಾಕೋದು ವಾಸಿ.

ಕಾನೂನು ಕಡೆ ಒಂದು ಕಣ್ಣಿರ್ಲಿ. ಸಿಗ್ನಲ್ ಇಪ್ಪತ್ತು ಕಿಲೋಮೀಟರ್ ಬರತ್ತೆ ಅಂದ ಮಾತ್ರಕ್ಕೆ ಹಾರಿಸೋ ಹಂಗಿಲ್ಲ. 2021ರ ಡ್ರೋನ್ ರೂಲ್ಸ್ ಪ್ರಕಾರ ಮೊದ್ಲೇ ಅನುಮತಿ ಬೇಡದ ಗ್ರೀನ್ ಝೋನಲ್ಲಿ 400 ಅಡಿವರೆಗೆ ಸರಿ, ಕಣ್ಣಳತೆ ಮೀರಿ ಹಾರಿಸೋಕೆ ಬೇರೇನೇ ಅನುಮತಿ ಬೇಕು. 2021ರಲ್ಲಿ ಗೌರಿಬಿದನೂರಲ್ಲಿ ಥ್ರಾಟಲ್ ಏರೋಸ್ಪೇಸ್‌ನವ್ರು ಔಷಧಿ ಸಾಗ್ಸೋ ಪ್ರಯೋಗ ಮಾಡಿದ್ದೂ ವಿಶೇಷ ಅನುಮತಿ ಮೇಲೇ.

ಹಂಗಾದ್ರೆ ಯಾರಿಗೆ ಯಾವ್ದು

ಬಯಲುಸೀಮೇಲಿ ಭತ್ತಕ್ಕೋ ತೊಗರಿಗೋ ಔಷಧಿ ಹೊಡೆಯೋ ಎರಡು ಮೂರು ಡ್ರೋನ್: ಸ್ಟಾರ್, ಬೇರೆ ಮಾತೇ ಬೇಡ. ಮಲೆನಾಡು, ಕರಾವಳಿ ಸರ್ವೆ: ಸ್ಟಾರ್ ಜೊತೆ ಗುಡ್ಡದ ಮೇಲೆ ನೆಲದ ರಿಲೇ, 4ಜಿ ಬ್ಯಾಕಪ್ಪು. ಪೈಪ್‌ಲೈನ್, ವಿದ್ಯುತ್ ಲೈನ್ ಉದ್ದಕ್ಕೂ ಅನುಮತಿ ತಗೊಂಡು ಹಾರಿಸೋರು: 4ಜಿ ಮುಖ್ಯ, ಹೊರಡೋ ಇಳಿಯೋ ಜಾಗದಲ್ಲಿ ನೇರ ರೇಡಿಯೋ. ನೆರೆ, ಭೂಕುಸಿತದಲ್ಲಿ ಹುಡುಕೋ ತಂಡ: ಟವರ್ ಬಿದ್ದಿರೋ ಸಾಧ್ಯತೆ ಇರೋದ್ರಿಂದ 4ಜಿ ನಂಬೋ ಹಂಗಿಲ್ಲ, ಇವ್ರಿಗೆ ಚಿಕ್ಕ ಮೆಶ್ ನಿಜಕ್ಕೂ ಉಪಯೋಗ, ನಾಕೈದು ನೋಡ್, ಎರಡು ಹಾಪ್ ಒಳಗೆ. ಕಾಲೇಜ್ ಪ್ರಾಜೆಕ್ಟಿನ ಹುಡುಗರು ಸ್ವಾರ್ಮ್ ಕಲೀಬೇಕು ಅಂತಿದ್ರೆ ಮೆಶ್ ಮಾಡಿ, ಕಲಿಯೋಕೆ ಅದಕ್ಕಿಂತ ಒಳ್ಳೇದಿಲ್ಲ, ಅಗ್ಗದ ಇಎಸ್‌ಪಿ ಚಿಪ್‌ಗಳು ರೂಟರ್ ಇಲ್ದೆ ನೇರ ಮಾತಾಡೋ ಇಎಸ್‌ಪಿ-ನೌ ಸಾಕು, ಅದರ ಮೊದಲ ವರ್ಷನ್ನಲ್ಲಿ ಒಂದು ಪ್ಯಾಕೆಟ್ಟಿಗೆ 250 ಬೈಟು, ಜೊತೆಗಾರರು 20ರವರೆಗೆ ಅನ್ನೋ ಮಿತಿ ನೋಡ್ಕೊಂಡು ಡಿಸೈನ್ ಮಾಡಿ.

ದುಡ್ಡು ಹಾಕೋಕೆ ಮುಂಚೆ ಮನೇಲೇ ಒಂದು ಪರೀಕ್ಷೆ ಮಾಡ್ಬೋದು. ಆರ್ಡುಪೈಲಟ್‌ನ ಸಿಮ್ಯುಲೇಟರ್‌ನ ಒಂದೇ ಕಂಪ್ಯೂಟರಲ್ಲಿ ನಾಕೈದು ಎಬ್ಬಿಸಿ, ಒಂದೊಂದಕ್ಕೂ ಬೇರೆ ಐಡಿ ಕೊಡಿ, ಆಮೇಲೆ ಲಿನಕ್ಸಿನ ನೆಟ್‌ಎಮ್ ಬಳಸಿ ಬೇಕಂತಲೇ ವಿಳಂಬ, ನಷ್ಟ ಸೇರಿಸಿ. 300 ಮಿಲಿಸೆಕೆಂಡ್ ವಿಳಂಬ, ನೂರಕ್ಕೆ ಹತ್ತು ಪ್ಯಾಕೆಟ್ ನಷ್ಟ ಇಟ್ಟು ಮಿಷನ್ ಓಡಿಸಿ, ಆಮೇಲೆ ಒಂದರ ಲಿಂಕನ್ನ ಪೂರ್ತಿ ಕಟ್ ಮಾಡಿ. ಗ್ರೌಂಡ್ ಸ್ಟೇಷನ್ ಫೇಲ್‌ಸೇಫ್, ಅಂದ್ರೆ ನೆಲದ ಲಿಂಕ್ ಹೋದ್ರೆ ಏನ್ ಮಾಡ್ಬೇಕು ಅನ್ನೋ ಸೆಟ್ಟಿಂಗು, ಆನ್ ಮಾಡಿದ್ರೆ ಆರ್ಡುಪೈಲಟ್ ಡಿಫಾಲ್ಟಲ್ಲಿ 5 ಸೆಕೆಂಡ್ ಹಾರ್ಟ್‌ಬೀಟ್ ಕಾಯತ್ತೆ, ಬರ್ಲಿಲ್ಲ ಅಂದ್ರೆ ನೀವು ಬರೆದಿಟ್ಟಂಗೆ ವಾಪಸ್ ಬರತ್ತೆ ಇಲ್ಲಾ ಇಳಿಯತ್ತೆ. ಇಲ್ಲಿ ಗಮನಿಸ್ಬೇಕಾದ್ದು ವಾಪಸ್ ಬರೋ ಎತ್ತರ. ಐದು ಡ್ರೋನಿಗೂ ಒಂದೇ ಎತ್ತರ ಇಟ್ಟಿದ್ದು ನೆಲದ ರೇಡಿಯೋನೇ ಆಫ್ ಆದ್ರೆ ಐದೂ ಒಂದೇ ಎತ್ತರದಲ್ಲಿ ಒಂದೇ ಕಡೆಗೆ ಒಟ್ಟಿಗೆ ಹೊರಡ್ತವೆ. ಒಂದೊಂದಕ್ಕೂ ಐದೈದು ಮೀಟರ್ ವ್ಯತ್ಯಾಸ ಇರೋ ಎತ್ತರ ಕೊಡಿ, ಇಳಿಯೋ ಜಾಗಾನೂ ಬೇರೆಬೇರೆ ಇಡಿ.